ಸ್ಲೋಪ್‌ಸ್ಟೈಲ್ ಕೋರ್ಸ್ ಕಟ್ಟೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸೈಕಲ್ ಗಾಳಿಯಲ್ಲಿ ಪಲ್ಟಿ ಹೊಡೆಯುವ ವಿಡಿಯೋ ತೋರಿಸಿದರೆ ಎಲ್ಲರೂ ಮೊದಲು ಸವಾರನ ಬಗ್ಗೆ ಕೇಳುತ್ತಾರೆ. ಎರಡು ಮೂರು ಸಲ ನೋಡಿದವರು ಮಾತ್ರ ಕೆಳಗಿರುವ ಮಣ್ಣಿನ ಬಗ್ಗೆ ಕೇಳುತ್ತಾರೆ. ಇದು ಆ ಎರಡನೇ ಗುಂಪಿನವರಿಗೆ. ಮಾತಿನ ನಡುವೆ, ಕಾಗದದಲ್ಲಿ, ಕಾಮೆಂಟಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಮೊದಲಿಗೆ

ಸ್ಲೋಪ್‌ಸ್ಟೈಲ್ ಅಂದ್ರೆ ಬೆಟ್ಟದಿಂದ ಸೈಕಲ್ ಇಳಿಸೋ ರೇಸ್ ತಾನೇ?

ಅಲ್ಲ. ಇಲ್ಲಿ ಗಡಿಯಾರವೇ ಇಲ್ಲ. ಇಳಿಜಾರಿನಲ್ಲಿ ಸಾಲಾಗಿ ಕಟ್ಟಿದ ಜಂಪ್‌ಗಳ ಮೇಲೆ ಸವಾರ ಒಬ್ಬನೇ ಇಳಿಯುತ್ತಾನೆ, ಪ್ರತಿ ಜಂಪ್‌ನಲ್ಲೂ ಒಂದು ಕಸರತ್ತು ಮಾಡುತ್ತಾನೆ, ತೀರ್ಪುಗಾರರು 100ಕ್ಕೆ ಅಂಕ ಕೊಡುತ್ತಾರೆ. ಸಾಮಾನ್ಯವಾಗಿ ಎರಡು ಅವಕಾಶ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಹೆಸರು ಬಂದಿದ್ದು ಸ್ನೋಬೋರ್ಡಿಂಗ್‌ನಿಂದ. ಹಿಮದ ಜಾಗದಲ್ಲಿ ಮಣ್ಣು ಮತ್ತು ಮರ ಬಂದವು, ಅಷ್ಟೇ.

ಇದು ಎಲ್ಲಿ ನಡೆಯುತ್ತೆ? ನೋಡೋಕೆ ಎಲ್ಲಿಂದ ಶುರು ಮಾಡ್ಲಿ?

ಕೆನಡಾದ ವಿಸ್ಲರ್‌ನಿಂದ ಶುರು ಮಾಡಿ. ಅಲ್ಲಿ 2004ರಲ್ಲಿ ಕ್ರ್ಯಾಂಕ್‌ವರ್ಕ್ಸ್ ಎಂಬ ಸೈಕಲ್ ಹಬ್ಬ ಆರಂಭವಾಯಿತು. ಆ ವರ್ಷದ ಸ್ಲೋಪ್‌ಸ್ಟೈಲ್ ಗೆದ್ದವರು ಪಾಲ್ ಬಾಸಾಗೊಯ್ಟಿಯಾ, ಅದೂ ಯಾರದ್ದೋ ಸೈಕಲ್ ಎರವಲು ತಗೊಂಡು. 2011ರಿಂದ ಆ ಸ್ಪರ್ಧೆಗೆ ರೆಡ್‌ಬುಲ್ ಜಾಯ್‌ರೈಡ್ ಎಂಬ ಹೆಸರು. ಆಮೇಲೆ ನ್ಯೂಜಿಲೆಂಡಿನ ರೋಟೊರುವಾ, ಆಸ್ಟ್ರಿಯಾದ ಇನ್ಸ್‌ಬ್ರುಕ್, ಆಸ್ಟ್ರೇಲಿಯಾದ ಕೇರ್ನ್ಸ್ ಸೇರಿಕೊಂಡವು. ಇವಕ್ಕೂ ಕೆಳಗೆ ಕಂಚು, ಬೆಳ್ಳಿ, ಚಿನ್ನ ಎಂದು ದರ್ಜೆ ಮಾಡಿದ ಎಫ್‌ಎಂಬಿ (ಫ್ರೀರೈಡ್ ಮೌಂಟನ್ ಬೈಕ್) ಸ್ಪರ್ಧೆಗಳ ಸರಣಿ ಇದೆ. ಸವಾರರು ಆ ಮೆಟ್ಟಿಲು ಹತ್ತಿಯೇ ದೊಡ್ಡ ಕೋರ್ಸಿಗೆ ಬರುತ್ತಾರೆ.

ಯೂಟಾ ಮರುಭೂಮಿಯ ರ‍್ಯಾಂಪೇಜ್ ಕೂಡ ಇದೇ ಅಲ್ವಾ?

ನೋಡಲು ಹತ್ತಿರದ ನೆಂಟರು, ಸ್ವಭಾವ ಬೇರೆ. ರ‍್ಯಾಂಪೇಜ್‌ನಲ್ಲಿ ಬೆಟ್ಟ ಇದ್ದ ಹಾಗೇ ಇರುತ್ತದೆ, ಸವಾರ ತನ್ನ ಇಬ್ಬರು ಸಹಾಯಕರ ಜೊತೆ ಸಲಿಕೆ, ಪಿಕಾಸಿ ಹಿಡಿದು ತನ್ನ ದಾರಿಯನ್ನು ತಾನೇ ಕಡಿದುಕೊಳ್ಳುತ್ತಾನೆ. ಸ್ಲೋಪ್‌ಸ್ಟೈಲ್‌ನಲ್ಲಿ ಕೋರ್ಸ್ ಎಲ್ಲರಿಗೂ ಒಂದೇ, ಕಟ್ಟುವವರು ಬೇರೆಯವರು, ಜೆಸಿಬಿಯಂಥ ಯಂತ್ರವೂ ಬರುತ್ತದೆ. ಬ್ರ್ಯಾಂಡನ್ ಸೆಮೆನಕ್ ಎರಡೂ ಕಡೆ ಗೆದ್ದವರು, ಆದರೆ ಅಂಥವರು ಕೈಬೆರಳೆಣಿಕೆಯಷ್ಟು.

ಅಷ್ಟು ದೊಡ್ಡ ಜಂಪಿಗೆ ಅಷ್ಟು ಚಿಕ್ಕ ಸೈಕಲ್ ಯಾಕೆ? ಮಕ್ಕಳ ಸೈಕಲ್ ತರ ಕಾಣುತ್ತೆ.

ಗಾಳಿಯಲ್ಲಿ ತಿರುಗಿಸಬೇಕಲ್ಲ! 26 ಇಂಚಿನ ಚಕ್ರ, ಒಂದೇ ಗೇರು, ಕೆಳಗೆ ಇಳಿಸಿದ ಸೀಟು, ಮುಂದೆ ಸುಮಾರು 100 ಮಿಲಿಮೀಟರ್ ಸಸ್ಪೆನ್ಶನ್. ಟೈರಿಗೆ ಕಲ್ಲಿನಂತೆ ಗಾಳಿ ತುಂಬಿರುತ್ತಾರೆ. ಇಲ್ಲಿ ಕೋರ್ಸ್ ಕಟ್ಟುವವನಿಗೆ ಒಂದು ಸೂಚನೆ ಇದೆ. ಈ ಸೈಕಲ್ ಒರಟು ನೆಲವನ್ನು ನುಂಗಿಕೊಳ್ಳುವುದಿಲ್ಲ. ಸಣ್ಣ ಗುಂಡಿ, ಸಡಿಲ ಮಣ್ಣು, ಪ್ಲೈವುಡ್ ಜೋಡಣೆಯ ಒಂದು ಏಣು, ಎಲ್ಲವೂ ನೇರ ಕೈಗೆ ಬಡಿಯುತ್ತದೆ. ಅದಕ್ಕೇ ಕೋರ್ಸ್ ಸಾರಿಸಿದ ಅಂಗಳದ ಹಾಗೆ ನುಣ್ಣಗಿರಬೇಕು. ಮೊದಲ ವರ್ಷಗಳಲ್ಲಿ ಹೀಗಿರಲಿಲ್ಲ. ಆಗಿನ ಕೋರ್ಸ್‌ಗಳಲ್ಲಿ ವ್ಯಾಂಕೂವರ್ ಕಡೆಯ ಕಾಡಿನ ಏಣಿಸೇತುವೆಗಳ ನೆರಳು ಜಾಸ್ತಿ ಇತ್ತು, ಸೈಕಲ್‌ಗಳೂ ದಪ್ಪ ಸಸ್ಪೆನ್ಶನ್‌ನವು. ಕಸರತ್ತು ಬೆಳೆದ ಹಾಗೆ ಕೋರ್ಸ್ ನುಣುಪಾಯಿತು, ಕೋರ್ಸ್ ನುಣುಪಾದ ಹಾಗೆ ಸೈಕಲ್ ಸಣ್ಣದಾಯಿತು.

## ಕೋರ್ಸ್ ಮೇಲೆ ಏನೇನಿದೆ

ಕಾಮೆಂಟರಿಯಲ್ಲಿ ಸ್ಟೆಪ್‌-ಅಪ್, ಹಿಪ್, ವೇಲ್ ಟೇಲ್ ಅಂತೆಲ್ಲ ಹೇಳ್ತಾರೆ, ಒಂದೂ ಅರ್ಥ ಆಗಲ್ಲ.

ಮೊದಲು ಒಂದು ಸಾದಾ ಜಂಪನ್ನು ನೆನಪಿಟ್ಟುಕೊಳ್ಳಿ. ಮೇಲಕ್ಕೆ ಬಾಗಿದ ಟೇಕಾಫ್, ಅದರ ತುದಿ ಲಿಪ್ (ಮುಂದೆ ಇಡೀ ಟೇಕಾಫಿಗೂ ಇದೇ ಮಾತು ಬಳಸಿದ್ದೇನೆ), ನಡುವೆ ಖಾಲಿ ಜಾಗ ಗ್ಯಾಪ್, ಆಚೆ ಕೆಳಗಿಳಿಯುವ ಲ್ಯಾಂಡಿಂಗ್. ಲ್ಯಾಂಡಿಂಗ್‌ನ ನೆತ್ತಿಯನ್ನು ನಕ್ಕಲ್ ಅನ್ನುತ್ತಾರೆ, ಅಂದರೆ ಬೆರಳಗಂಟು. ಅಲ್ಲಿಗೆ ಬಡಿದರೆ ಯಾಕೆ ಆ ಹೆಸರು ಅಂತ ತಕ್ಷಣ ಗೊತ್ತಾಗುತ್ತದೆ.

ಲ್ಯಾಂಡಿಂಗ್ ಟೇಕಾಫ್‌ಗಿಂತ ಎತ್ತರದಲ್ಲಿದ್ದರೆ ಸ್ಟೆಪ್‌-ಅಪ್, ಕೆಳಗಿದ್ದರೆ ಸ್ಟೆಪ್‌-ಡೌನ್. ಲ್ಯಾಂಡಿಂಗ್ ಎಡಕ್ಕೋ ಬಲಕ್ಕೋ ಹೊರಳಿದ್ದರೆ ಹಿಪ್. ಲಿಪ್ಪೇ ಇಲ್ಲದೆ ಚಪ್ಪಟೆ ಅಟ್ಟದ ಅಂಚಿನಿಂದ ಸೀದಾ ಕೆಳಗೆ ಹಾರುವುದು ಡ್ರಾಪ್. ವೇಲ್ ಟೇಲ್ ಎಂದರೆ ತಿಮಿಂಗಿಲದ ಬಾಲ. ಮರದ ದೊಡ್ಡ ಕಟ್ಟೋಣ, ಅದರ ಬೆನ್ನಿನ ಮೇಲೆ ಬಂದಿಳಿದು, ಮೇಲೆದ್ದ ಬಾಲದ ತುದಿಯಿಂದ ಮತ್ತೆ ಹಾರಬೇಕು. ಕ್ವಾರ್ಟರ್‌ಪೈಪ್ ನೆಟ್ಟಗಿನ ಗೋಡೆಯವರೆಗೆ ಬಾಗಿದ ಮೈ. ಹೋದ ದಾರಿಯಲ್ಲೇ ವಾಪಸ್ ಇಳಿಯಬೇಕು.

ಕೋರ್ಸ್ ಶುರುವಾಗೋ ಕಡೆ ಮೇಲೆ ಆ ಗೋಪುರ ಯಾಕೆ? ಜೋರಾಗಿ ಪೆಡಲ್ ತುಳಿದ್ರೆ ಆಗಲ್ವಾ?

ಆಗಲ್ಲ. ಒಂದೇ ಗೇರಿನಲ್ಲಿ, ಸೀಟು ಮೊಣಕಾಲಿನ ಮಟ್ಟದಲ್ಲಿ ಇಟ್ಟುಕೊಂಡು ಎಷ್ಟು ತುಳಿಯುತ್ತೀರಿ? ಅದಕ್ಕಿಂತ ಮುಖ್ಯ ಕಾರಣ ಇನ್ನೊಂದಿದೆ. ತುಳಿತ ಪ್ರತಿ ಸಲ ಬೇರೆ, ಎತ್ತರ ಪ್ರತಿ ಸಲ ಒಂದೇ. 5 ಮೀಟರ್ ಎತ್ತರದಿಂದ ಜಾರಿದರೆ, ಗಾಳಿ ಮತ್ತು ಟೈರಿನ ನಷ್ಟ ಬಿಟ್ಟು ಲೆಕ್ಕ ಹಾಕಿದಾಗ, ಗಂಟೆಗೆ ಸುಮಾರು 36 ಕಿಲೋಮೀಟರ್ ವೇಗ ಸಿಗುತ್ತದೆ. ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ಗೋಪುರ ಅಂದರೆ ಅಳೆದು ಕೊಟ್ಟ ವೇಗ.

ಒಂದು ಮೋಜಿನ ವಿಷಯ. ಗೋಪುರವನ್ನು ಎರಡು ಪಟ್ಟು ಎತ್ತರ ಮಾಡಿದರೆ ವೇಗ ಎರಡು ಪಟ್ಟಾಗುವುದಿಲ್ಲ. 10 ಮೀಟರ್‌ಗೆ ಸಿಗುವುದು ಸುಮಾರು 50 ಕಿಲೋಮೀಟರ್ ಮಾತ್ರ. ಹಾಗಾಗಿ ಕೊರತೆಯನ್ನೆಲ್ಲ ಗೋಪುರದಲ್ಲೇ ತುಂಬಿಸಲು ಹೋದರೆ ಮರದ ಖರ್ಚು ಜಾಸ್ತಿ, ಫಲ ಕಮ್ಮಿ. ಬೆಟ್ಟದ ಇಳಿಜಾರನ್ನು ಸರಿಯಾಗಿ ಹಂಚಿಕೊಳ್ಳುವುದೇ ಜಾಣತನ.

ಟೇಕಾಫ್ ಮರದ್ದು, ಲ್ಯಾಂಡಿಂಗ್ ಮಾತ್ರ ಮಣ್ಣಿಂದು. ಎರಡನ್ನೂ ಒಂದರಲ್ಲೇ ಮಾಡಬಾರದಾ?

ಟೇಕಾಫ್‌ನ ಬಾಗು ಒಂದು ಬೆರಳಿನಷ್ಟು ಬದಲಾದರೂ ಹಾರಾಟ ಬದಲಾಗುತ್ತದೆ. ಮಣ್ಣಿನ ಲಿಪ್ ನೂರು ಸಲ ಚಕ್ರ ಹರಿದರೆ ಸವೆಯುತ್ತದೆ, ಮಳೆ ಬಂದರೆ ಕರಗುತ್ತದೆ. ಮರ ಮೊದಲ ಸವಾರನಿಗೂ ಕೊನೆಯವನಿಗೂ ಅದೇ ಬಾಗು ಕೊಡುತ್ತದೆ. ಲ್ಯಾಂಡಿಂಗ್ ಕತೆ ಬೇರೆ. ಅದು ಅಗಲ, ಉದ್ದ, ಭಾರೀ ಗಾತ್ರ. ಅದನ್ನು ಮರದಲ್ಲಿ ಕಟ್ಟಿದರೆ ಟೊಳ್ಳು ಸದ್ದಿನ ಜೊತೆ ಖರ್ಚೂ ಗಗನಕ್ಕೆ. ಮಣ್ಣು ಸ್ವಲ್ಪ ಪೆಟ್ಟು ತಿನ್ನುತ್ತದೆ, ಹಿಡಿತ ಕೊಡುತ್ತದೆ, ಬಿದ್ದವನ ಚರ್ಮಕ್ಕೂ ಪ್ಲೈವುಡ್ ಅಂಚಿಗಿಂತ ವಾಸಿ. ಪೂರ್ತಿ ಮಣ್ಣಿನ ಲಿಪ್‌ಗಳೂ ಕೋರ್ಸಿನಲ್ಲಿ ಇರುತ್ತವೆ. ಅವುಗಳ ಪಕ್ಕದಲ್ಲಿ ಸಲಿಕೆ ಹಿಡಿದವನೊಬ್ಬ ದಿನವಿಡೀ ನಿಂತಿರುತ್ತಾನೆ.

## ಲೆಕ್ಕದ ಮಾತು

ಗ್ಯಾಪ್ ಎಷ್ಟು ಉದ್ದ ಇರಬೇಕು ಅಂತ ಹೇಗೆ ಗೊತ್ತಾಗುತ್ತೆ? ಸುಮ್ನೆ ಅಂದಾಜಾ?

ಅನುಭವಿಗಳ ಅಂದಾಜು ಅಂತಲೇ ಅನ್ನಿ, ಆದರೆ ಆ ಅಂದಾಜಿನ ಹಿಂದೆ ಪಿಯುಸಿ ಭೌತಶಾಸ್ತ್ರ ಕೂತಿದೆ. ಎಸೆದ ಕಲ್ಲಿನ ಲೆಕ್ಕವೇ ಇದು. ಲಿಪ್ 40 ಡಿಗ್ರಿ ಇದೆ, ಲ್ಯಾಂಡಿಂಗ್ ಅದೇ ಮಟ್ಟದಲ್ಲಿದೆ ಅಂದುಕೊಳ್ಳಿ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಲಿಪ್ ಬಿಟ್ಟವನು ಸುಮಾರು 10 ಮೀಟರ್ ಆಚೆ ಇಳಿಯುತ್ತಾನೆ. ವೇಗ 32ಕ್ಕೆ ಇಳಿದರೆ 8 ಮೀಟರ್. 40ಕ್ಕೆ ಏರಿದರೆ 12 ಮೀಟರ್ ದಾಟುತ್ತದೆ.

ಇನ್ನೊಮ್ಮೆ ಓದಿ. ನಾಲ್ಕು ಕಿಲೋಮೀಟರ್ ಹೆಚ್ಚುಕಮ್ಮಿಗೆ ಎರಡು ಮೀಟರ್ ವ್ಯತ್ಯಾಸ. ನಮ್ಮ ಸ್ಕೂಟರಿನ ಮೀಟರಿನಲ್ಲಿ ನಾಲ್ಕು ಕಿಲೋಮೀಟರ್ ಅಂದರೆ ಮುಳ್ಳು ಅಲ್ಲಾಡಿದ್ದೂ ಗೊತ್ತಾಗಲ್ಲ, ಇಲ್ಲಿ ಅದು ನಕ್ಕಲ್ ಮೇಲೆ ಬಡಿಯುವುದಕ್ಕೂ ಚೆಂದವಾಗಿ ಇಳಿಯುವುದಕ್ಕೂ ಇರುವ ದೂರ. ನನಗೆ ಕೇಳಿದರೆ ಸ್ಲೋಪ್‌ಸ್ಟೈಲ್ ಕೋರ್ಸ್ ಅಂದರೆ ಜಂಪ್‌ಗಳ ಸಾಲಲ್ಲ, ವೇಗದ ಜಮಾಖರ್ಚಿನ ಪುಸ್ತಕ. ಜಂಪ್ ಕಟ್ಟುವುದು ಯಾರಿಗಾದರೂ ಬಂದೀತು. ಎರಡು ಜಂಪ್‌ಗಳ ನಡುವಿನ ನೆಲವನ್ನು ಎಷ್ಟು ಇಳಿಸಬೇಕು ಅಂತ ಗೊತ್ತಿರುವವನೇ ನಿಜವಾದ ಮೇಸ್ತ್ರಿ.

ಒಂದು ಜಂಪ್‌ನಲ್ಲಿ ತಪ್ಪಿದ್ರೆ ಉಳಿದದ್ದೆಲ್ಲ ಯಾಕೆ ಬಿಟ್ಟುಬಿಡ್ತಾರೆ? ಸೋಮಾರಿತನ ಅನ್ಸುತ್ತೆ.

ಸೋಮಾರಿತನ ಅಲ್ಲ, ಜೇಬಿನಲ್ಲಿ ವೇಗ ಉಳಿದಿಲ್ಲ. ಕಾಲು ಕೆಳಗಿಟ್ಟನೋ, ಅಡ್ಡ ಇಳಿದನೋ, ಬ್ರೇಕ್ ಮುಟ್ಟಿದನೋ, ಮುಂದಿನ ಗ್ಯಾಪ್ ದಾಟುವ ಬಂಡವಾಳ ಹೋಯಿತು. ಪಕ್ಕದಿಂದ ಇಳಿದು ಹೋಗಲು ದಾರಿ ಬಿಟ್ಟಿರುತ್ತಾರೆ. ಆ ಪಕ್ಕದ ದಾರಿ ಎಲ್ಲಿರಬೇಕು ಅನ್ನುವುದೂ ವಿನ್ಯಾಸದ ಭಾಗವೇ.

ಎರಡು ಮಹಡಿ ಎತ್ತರದಿಂದ ಬೀಳ್ತಾರೆ, ಕಾಲು ಮುರಿಯಲ್ವಾ?

ಎಷ್ಟು ಎತ್ತರದಿಂದ ಬಂದ ಅನ್ನುವುದು ಅಷ್ಟು ಮುಖ್ಯ ಅಲ್ಲ, ಯಾವ ಕೋನದಲ್ಲಿ ನೆಲ ಮುಟ್ಟಿದ ಅನ್ನುವುದು ಮುಖ್ಯ. ಮಕ್ಕಳು ಜಾರುಬಂಡೆಯಲ್ಲಿ ಇಳಿಯುವುದಕ್ಕೂ ಅದರ ಮೇಲಿನಿಂದ ಧುಮುಕುವುದಕ್ಕೂ ಇರುವ ವ್ಯತ್ಯಾಸ ಇದು. ಸವಾರ ಬರುತ್ತಿರುವ ದಿಕ್ಕಿಗೂ ಲ್ಯಾಂಡಿಂಗ್ ಇಳಿಜಾರಿಗೂ ಇರುವ ಕೋನ ಚಿಕ್ಕದಾದಷ್ಟೂ ಪೆಟ್ಟು ಕಮ್ಮಿ.

ಮೇಲಿನ ಅದೇ 36 ಕಿಲೋಮೀಟರ್ ಜಂಪ್ ತಗೊಳ್ಳಿ. ಆ ಕೋನ 10 ಡಿಗ್ರಿ ಇದ್ದರೆ ಪೆಟ್ಟು 15 ಸೆಂಟಿಮೀಟರ್ ಎತ್ತರದಿಂದ ನೇರ ನೆಲಕ್ಕೆ ಧುಮುಕಿದಷ್ಟು. ಮನೆ ಮೆಟ್ಟಿಲಿಳಿದ ಹಾಗೆ. 20 ಡಿಗ್ರಿಗೆ ಅದು 60 ಸೆಂಟಿಮೀಟರ್. ಸಪಾಟು ನೆಲಕ್ಕೆ ಬಿದ್ದರೆ 2 ಮೀಟರ್ ದಾಟುತ್ತದೆ. ಹಾರಿದ್ದು ಅಷ್ಟೇ, ವೇಗ ಅಷ್ಟೇ, ಬದಲಾದದ್ದು ಕೆಳಗಿನ ಮಣ್ಣಿನ ಓರೆ ಮಾತ್ರ. ಅದಕ್ಕೇ ಕೋರ್ಸ್ ಚೆನ್ನಾಗಿದೆಯಾ ಅಂತ ನೋಡಲು ನಾನು ಲಿಪ್ ನೋಡುವುದಿಲ್ಲ, ಲ್ಯಾಂಡಿಂಗ್‌ನ ಉದ್ದ ನೋಡುತ್ತೇನೆ. ಉದ್ದ ಸಾಲದಿದ್ದರೆ ಸ್ವಲ್ಪ ಜಾಸ್ತಿ ಹಾರಿದವನು ಇಳಿಜಾರು ದಾಟಿ ಸಪಾಟಿಗೇ ಬೀಳುತ್ತಾನೆ. ಗಿಡ್ಡ ಹಾರಿದವನಿಗಿಂತ ಅವನ ಪಾಡು ಕೆಟ್ಟದು.

ಲಿಪ್ ಕಡಿದಾದಷ್ಟೂ ಒಳ್ಳೇದಲ್ವಾ? ಜಾಸ್ತಿ ಮೇಲೆ ಹೋಗಬಹುದು.

ಮೇಲೆ ಹೋಗುತ್ತಾರೆ, ಜೊತೆಗೆ ಎರಡು ಬಿಲ್ ಬರುತ್ತವೆ.

ಮೊದಲನೆಯದು ಒತ್ತಡ. ಬಾಗಿದ ಮೈ ಮೇಲೆ ಹೋಗುವಾಗ ಸವಾರ ಕೆಳಕ್ಕೆ ಅದುಮಿಕೊಳ್ಳುತ್ತಾನೆ. 4 ಮೀಟರ್ ತ್ರಿಜ್ಯದ ಬಾಗಿನಲ್ಲಿ 36 ಕಿಲೋಮೀಟರ್ ವೇಗಕ್ಕೆ ದೇಹತೂಕದ ಎರಡೂವರೆ ಪಟ್ಟು ಹೆಚ್ಚುವರಿ ಭಾರ. 70 ಕಿಲೋ ಮನುಷ್ಯನ ಹೆಗಲ ಮೇಲೆ ಮೂರೂವರೆ ಸಿಮೆಂಟ್ ಮೂಟೆ ಇಟ್ಟಂತೆ, ಕಣ್ಣು ಮಿಟುಕಿಸುವಷ್ಟು ಹೊತ್ತು. ತ್ರಿಜ್ಯ ಚಿಕ್ಕದಾದರೆ ಮೊಣಕಾಲು ಮಡಚಿಕೊಂಡು ವೇಗ ಸಾಯುತ್ತದೆ.

ಎರಡನೆಯದು ತಿರುಗು. ಬಾಗು ತುದಿಯವರೆಗೂ ಇದ್ದರೆ ಸೈಕಲ್ ಲಿಪ್ ಬಿಟ್ಟ ಕ್ಷಣದಲ್ಲೇ ಹಿಂದಕ್ಕೆ ತಿರುಗುತ್ತಿರುತ್ತದೆ. ಅದೇ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 140 ಡಿಗ್ರಿ. ಗಾಳಿಯಲ್ಲಿರುವುದು 1.3 ಸೆಕೆಂಡು. ಸವಾರ ಏನೂ ಮಾಡದೆ ಮರದ ಬೊಂಬೆಯಂತೆ ಕೂತಿದ್ದರೆ ಅರ್ಧ ಪಲ್ಟಿ ಹೊಡೆದು ತಲೆ ಕೆಳಗಾಗಿ ಇಳಿಯಬೇಕು! ಬ್ಯಾಕ್‌ಫ್ಲಿಪ್ ಮಾಡುವವನಿಗೆ ಇದು ಉಚಿತ ಸಹಾಯ. ಸಾದಾ ಹಾರುವವನು ಕೈಕಾಲು ಚಾಚಿ ಇದನ್ನು ಕೊಲ್ಲಬೇಕು. ಹಾಗಾಗಿ ಲಿಪ್‌ನ ಕೊನೆಯ ಭಾಗ ಬಾಗಿರಬೇಕೋ ಸ್ವಲ್ಪ ನೇರ ಬಿಡಬೇಕೋ ಅಂತ ಕಟ್ಟುವವರಲ್ಲೇ ವಾದ ಮುಗಿಯುವುದಿಲ್ಲ.

## ಕಟ್ಟುವ ಕೆಲಸ

ಯಾರು ಕಟ್ತಾರೆ? ಸಿವಿಲ್ ಎಂಜಿನಿಯರ್‌ಗಳಾ?

ಹೆಚ್ಚಿನವರು ಹಳೆಯ ಸವಾರರು. ವಿಸ್ಲರ್ ಕೋರ್ಸ್ ಕಟ್ಟಿದವರಲ್ಲಿ ಪ್ಯಾಡಿ ಕೇ ಅವರ ಹೆಸರು ಈ ಲೋಕದಲ್ಲಿ ಎಲ್ಲರಿಗೂ ಪರಿಚಿತ. ತಂಡದಲ್ಲಿ ಯಂತ್ರ ಓಡಿಸುವವರು, ಬಡಗಿಗಳು, ಸಲಿಕೆ ಹಿಡಿದು ಕೊನೆಯ ರೂಪ ಕೊಡುವವರು ಇರುತ್ತಾರೆ. ಈ ಕೊನೆಯವರಿಗೆ ಶೇಪರ್ ಎಂದು ಹೆಸರು. ಗೋಪುರದ ಉಕ್ಕಿನ ಸಾರುವೆ, ದೊಡ್ಡ ಮರದ ಅಟ್ಟ, ಇಂಥದ್ದಕ್ಕೆ ಎಂಜಿನಿಯರ್ ಬೇಕೇ ಬೇಕು. ಲಿಪ್‌ನ ಬಾಗಿಗೆ ಮಾತ್ರ ಹಾರಿ ಗೊತ್ತಿರುವವನ ಕಣ್ಣು ಬೇಕು.

ಕೆಲಸ ಮೇಲಿನಿಂದ ಶುರುವಾದರೂ ಯೋಚನೆ ಕೆಳಗಿನಿಂದ ಶುರುವಾಗುತ್ತದೆ. ಜನ ಎಲ್ಲಿ ನಿಲ್ಲುತ್ತಾರೆ, ಕ್ಯಾಮೆರಾ ಎಲ್ಲಿ, ಕೊನೆಯ ದೊಡ್ಡ ಜಂಪ್ ಎಲ್ಲಿ ಬೇಕು, ಅಲ್ಲಿಗೆ ಎಷ್ಟು ವೇಗ ಬೇಕು, ಹಾಗಾದರೆ ಅದರ ಹಿಂದಿನದರಿಂದ ಎಷ್ಟು ವೇಗ ಹೊರಬರಬೇಕು ಅಂತ ಹಿಂದಕ್ಕೆ ಹಿಂದಕ್ಕೆ ಲೆಕ್ಕ ಹಾಕುತ್ತಾ ಗೋಪುರದ ತುದಿಗೆ ಹೋಗುತ್ತಾರೆ.

ಮಣ್ಣು ಅಂದ್ರೆ ಮಣ್ಣು, ಅದರಲ್ಲೇನು ವಿಶೇಷ?

ಈ ಪ್ರಶ್ನೆ ಕೇಳಿದವರು ಒಮ್ಮೆಯೂ ಮಣ್ಣಿನ ಗೋಡೆ ಹಾಕುವುದನ್ನು ನೋಡಿಲ್ಲ ಅನಿಸುತ್ತದೆ. ಎಲ್ಲ ಹದದಲ್ಲಿದೆ.

ಜೇಡಿ ಹಿಡಿದಿಡುತ್ತದೆ, ಮರಳು ನೀರು ಬಿಡುತ್ತದೆ. ಬರೀ ಜೇಡಿಯಾದರೆ ಒಣಗಿ ಬಿರುಕು, ನೆನೆದರೆ ಸಾಬೂನು. ಬರೀ ಮರಳಾದರೆ ನಿಲ್ಲುವುದೇ ಇಲ್ಲ. ಎರಡೂ ಸೇರಿದ ಮಣ್ಣು ಬೇಕು. ಕಲ್ಲು, ಬೇರು ಇದ್ದರೆ ಮೇಲಿನ ಪದರಕ್ಕೆ ಜರಡಿ ಹಿಡಿಯುತ್ತಾರೆ. ಹದ ನೋಡುವುದು ಹೀಗೆ. ಒಂದು ಹಿಡಿ ಮಣ್ಣು ತಗೊಂಡು ಮುದ್ದೆಯ ಹಾಗೆ ಒತ್ತಿ. ಉಂಡೆ ಕಟ್ಟಬೇಕು, ಕೈಗೆ ಅಂಟಬಾರದು. ಸೊಂಟದ ಎತ್ತರದಿಂದ ಕೆಳಗೆ ಬಿಡಿ. ನಾಲ್ಕೈದು ತುಂಡಾದರೆ ಸರಿ. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ.

ಒಳಗಿನ ಹೊಟ್ಟೆಗೆ ಒರಟು ಮಣ್ಣು, ಜಲ್ಲಿ ನಡೆಯುತ್ತದೆ. ಆದರೆ ಒಂದೇ ಸಲ ರಾಶಿ ಸುರಿದು ಮೇಲೆ ತಟ್ಟಿದರೆ ಕೆಲಸ ಕೆಟ್ಟಿತು, ಒಳಗೆ ಪೊಳ್ಳು ಉಳಿದು ವಾರದಲ್ಲಿ ಕುಸಿಯುತ್ತದೆ. ಗೇಣುದ್ದ ಪದರ ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿ, ಮತ್ತೆ ಪದರ. ದೊಡ್ಡ ಕೋರ್ಸಿನಲ್ಲಿ ಯಂತ್ರದ ಬಕೆಟ್ಟಿನಿಂದ ಅದುಮುತ್ತಾರೆ, ಕಂಪ್ಯಾಕ್ಟರ್ ಓಡಿಸುತ್ತಾರೆ. ಕೊನೆಯ ಒಂದೆರಡು ಅಂಗುಲ ಮಾತ್ರ ಯಾವಾಗಲೂ ಕೈಯಲ್ಲೇ. ಸಲಿಕೆಯ ಬೆನ್ನಿನಿಂದ ತಟ್ಟಿ ತಟ್ಟಿ ಹೊಳಪು ಬರಿಸುವುದನ್ನು ನೋಡಿದರೆ ಅಂಗಳ ಸಾರಿಸುವ ಅಜ್ಜಿ ನೆನಪಾಗುತ್ತಾರೆ.

ಮರದ ರ‍್ಯಾಂಪ್ ಒಳಗೆ ಏನಿರುತ್ತೆ?

ದೋಣಿಯ ಅಸ್ಥಿಪಂಜರದ ಹಾಗೆ ಪಕ್ಕೆಲುಬುಗಳು. ಪ್ಲೈವುಡ್ ಹಾಳೆಯ ಮೇಲೆ ತ್ರಿಜ್ಯದಷ್ಟು ಉದ್ದದ ದಾರದ ಒಂದು ತುದಿಗೆ ಮೊಳೆ, ಇನ್ನೊಂದಕ್ಕೆ ಪೆನ್ಸಿಲ್, ಗುಂಡಗೆ ಒಂದು ಗೆರೆ. ಆ ಗೆರೆಯಲ್ಲಿ ಕತ್ತರಿಸಿದರೆ ಮೊದಲ ಅಚ್ಚು. ಉಳಿದವೆಲ್ಲ ಅದರದ್ದೇ ನಕಲು. ಅವುಗಳ ನಡುವೆ ಅಡ್ಡ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ಪ್ಲೈವುಡ್ ಬಾಗಿಸಿ ಹೊದಿಸುತ್ತಾರೆ. ಮೊಳೆ ಅಲ್ಲ, ಸ್ಕ್ರೂ. ಅದುರಿ ಅದುರಿ ಮೊಳೆ ಮೇಲೇಳುತ್ತದೆ. ಸ್ಕ್ರೂ ತಲೆ ಮರದೊಳಗೆ ಮುಳುಗಿರಬೇಕು, ಟೈರು ಹರಿಯುವುದಷ್ಟೇ ಅಲ್ಲ, ಬಿದ್ದವನ ಮೈಯೂ ಅಲ್ಲೇ ಉಜ್ಜುತ್ತದೆ.

ಎಲ್ಲಕ್ಕಿಂತ ತಲೆನೋವು ಮಣ್ಣು ಮುಗಿದು ಮರ ಶುರುವಾಗುವ ಜಾಗ. ಅಲ್ಲಿ ಮಣ್ಣು ತಗ್ಗಿ ಒಂದು ಅಂಗುಲದ ಮೆಟ್ಟಿಲು ಉಳಿದರೂ ಚಕ್ರ ಒದ್ದುಕೊಳ್ಳುತ್ತದೆ. ಪ್ರತಿ ಅಭ್ಯಾಸದ ನಂತರ ಯಾರೋ ಒಬ್ಬರು ಅಲ್ಲಿ ಬಗ್ಗಿ ಮಣ್ಣು ತುಂಬುತ್ತಿರುತ್ತಾರೆ, ನೇರಪ್ರಸಾರದಲ್ಲಿ ಗಮನಿಸಿ ನೋಡಿ.

ನಾನೂ ಒಮ್ಮೆ ಮನೆ ಹಿಂದೆ ಒಂದು ರ‍್ಯಾಂಪ್ ಮಾಡಿದ್ದೆ. ಅಚ್ಚು ಸರಿ, ಬಾಗು ಸರಿ, ಎರಡೂ ಬದಿಯ ಮಟ್ಟ ಮಾತ್ರ ನೋಡಿರಲಿಲ್ಲ. ಎಡಕ್ಕೆ ಎರಡು ಬೆರಳು ತಗ್ಗು. ಹಾರಿದ್ದು ನೇರಕ್ಕೆ, ಇಳಿದದ್ದು ಪಕ್ಕದ ಕರಿಬೇವಿನ ಗಿಡಕ್ಕೆ. ರಸಮಟ್ಟ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮಳೆ ಬಂದ್ರೆ ಏನ್ ಮಾಡ್ತಾರೆ?

ಟಾರ್ಪಾಲು ಹೊದಿಸಿ ಕಾಯುತ್ತಾರೆ. ಹೊದಿಸುವುದರಲ್ಲೂ ಲೆಕ್ಕ ಇದೆ, ನಿಂತ ನೀರು ತೆಗೆಯುವಾಗ ಲ್ಯಾಂಡಿಂಗ್ ಮೇಲೇ ಚೆಲ್ಲಿದರೆ ಎಲ್ಲ ಹೋಯಿತು. ಅದಕ್ಕಿಂತ ಮೊದಲೇ ಪ್ರತಿ ದಿಬ್ಬದ ಬುಡದಲ್ಲಿ ನೀರು ಹೊರಹೋಗಲು ಕಾಲುವೆ ತೋಡಿರುತ್ತಾರೆ. ಒದ್ದೆ ಪ್ಲೈವುಡ್ ಪಾಚಿಗಟ್ಟಿದ ಮೆಟ್ಟಿಲಿನಷ್ಟೇ ಅಪಾಯ, ಒಣಗುವವರೆಗೆ ಯಾರೂ ಹತ್ತುವುದಿಲ್ಲ. ಬಿಸಿಲು ಜಾಸ್ತಿಯಾದರೂ ಕಷ್ಟವೇ. ಮಣ್ಣು ಪುಡಿಯಾಗಿ ವೇಗ ತಿನ್ನುತ್ತದೆ, ಆಗ ಪೈಪು ಹಿಡಿದು ನೀರು ಚಿಮುಕಿಸುತ್ತಾರೆ.

ಬಿಸಿಲು ಚೆನ್ನಾಗಿದೆ, ಜನ ಕಾಯ್ತಾ ಇದಾರೆ, ಆದ್ರೂ ಸ್ಪರ್ಧೆ ನಿಲ್ಲಿಸಿದಾರೆ. ಯಾಕೆ?

ಗಾಳಿ. ಮೇಲೆ ಹೇಳಿದ ಎರಡು ಮೀಟರ್ ನೆನಪಿದೆಯಾ? ಎದುರು ಗಾಳಿ ಅದನ್ನು ಕಿತ್ತುಕೊಳ್ಳಬಹುದು, ಹಿಂಗಾಳಿ ಬೇಡದಿದ್ದರೂ ಕೊಡಬಹುದು. ಅಡ್ಡಗಾಳಿ ಇನ್ನೂ ಕೆಟ್ಟದು. ಟೇಲ್‌ವಿಪ್ ಮಾಡುವಾಗ ಸೈಕಲ್ ಸವಾರನ ಸುತ್ತ ತಿರುಗುತ್ತದೆ, ಪಾದಗಳು ಪೆಡಲ್ ಬಿಟ್ಟಿರುತ್ತವೆ, ಆ ಹೊತ್ತಿಗೆ ಬೀಸಿದ ಗಾಳಿ ಸೈಕಲ್ಲನ್ನು ಗಾಳಿಪಟದ ಹಾಗೆ ತಳ್ಳುತ್ತದೆ. ಜಂಪ್ ಪಕ್ಕ ಕಟ್ಟಿರುವ ಬಾವುಟಗಳು ಅಲಂಕಾರಕ್ಕಲ್ಲ. ಗೋಪುರದ ಮೇಲೆ ನಿಂತವನು ಅವನ್ನೇ ನೋಡುತ್ತಿರುತ್ತಾನೆ.

ಕಟ್ಟಿದ ಮೇಲೆ ಮೊದಲು ಹಾರೋ ಬಕರಾ ಯಾರು?

ಕಟ್ಟಿದವರಲ್ಲೇ ಒಬ್ಬರು, ಇಲ್ಲ ಅದಕ್ಕೆಂದೇ ಒಪ್ಪಿ ಬಂದ ಅನುಭವಿ ಸವಾರರು. ಮೊದಲು ಲಿಪ್‌ವರೆಗೆ ಬಂದು ಬ್ರೇಕ್ ಹಿಡಿದು ವೇಗ ನೋಡುತ್ತಾರೆ. ಹತ್ತು ಸಲ ಹಾಗೆ ಬಂದು ಹನ್ನೊಂದನೆಯದಕ್ಕೆ ಬಿಡುತ್ತಾರೆ. ಒಬ್ಬರ ಹಿಂದೆ ಇನ್ನೊಬ್ಬರು ಅಂಟಿಕೊಂಡು ವೇಗ ಕಲಿಯುವುದೂ ಉಂಟು. ಆಮೇಲೆ ಅಭ್ಯಾಸದ ದಿನಗಳು, ಸವಾರರ ದೂರುಗಳು. ಇದು ವೇಗ ಸಾಲದು, ಅದು ಜಾಸ್ತಿ ಒದೆಯುತ್ತದೆ. ರಾತ್ರಿ ಲಿಪ್ ಬಿಚ್ಚಿ ಅರ್ಧ ಅಡಿ ಹಿಂದೆ ಸರಿಸುವುದು, ಲ್ಯಾಂಡಿಂಗ್ ನೆತ್ತಿ ಕೆರೆಯುವುದು, ಇವೆಲ್ಲ ಮಾಮೂಲು.

## ಇನ್ನೂ ಆಳಕ್ಕೆ

ಬೆಟ್ಟ ಇಲ್ಲದ ಕಡೆ ಸ್ಲೋಪ್‌ಸ್ಟೈಲ್ ಸಾಧ್ಯನಾ?

ಜರ್ಮನಿಯ ನ್ಯೂರೆಂಬರ್ಗ್ ಹಳೇ ಪೇಟೆಯಲ್ಲೇ ಮಾಡಿದ್ದಾರೆ. 2005ರಿಂದ ಆಗಾಗ ನಡೆದ ಡಿಸ್ಟ್ರಿಕ್ಟ್ ರೈಡ್‌ನಲ್ಲಿ ಕೋಟೆಯ ಹತ್ತಿರ ಹೊರಟು ಬೀದಿಗಳಲ್ಲಿ ಇಳಿದು ಮಾರುಕಟ್ಟೆ ಚೌಕದಲ್ಲಿ ಮುಗಿಸುತ್ತಾರೆ. ಮಣ್ಣೆಲ್ಲ ಲಾರಿಯಲ್ಲಿ ಬರಬೇಕು, ಮುಗಿದ ಮೇಲೆ ಕಲ್ಲು ಹಾಸಿನ ಮೇಲೆ ಗುರುತೂ ಉಳಿಯದಂತೆ ವಾಪಸ್ ಹೋಗಬೇಕು. ನೆಲ ಅಗೆಯುವಂತಿಲ್ಲ, ಹಾಗಾಗಿ ಎಲ್ಲವೂ ತನ್ನ ಭಾರದಿಂದಲೇ ನಿಲ್ಲಬೇಕು. ಸ್ವಿಟ್ಜರ್ಲೆಂಡಿನ ಥೂನ್‌ನಲ್ಲಿ ರಾಕೆಟ್ ಏರ್ ನಡೆಯುವುದು ಐಸ್ ಹಾಕಿ ಸಭಾಂಗಣದೊಳಗೆ. ಅಲ್ಲಿ ಗಾಳಿಯ ಕಾಟ ಇಲ್ಲ, ಆದರೆ ಮೇಲೆ ಚಾವಣಿ ಇದೆ!

ಎಡಕ್ಕೂ ಬಲಕ್ಕೂ ಹಿಪ್ ಯಾಕೆ ಇಡ್ತಾರೆ? ಅಂಕಕ್ಕೂ ಕೋರ್ಸಿಗೂ ಸಂಬಂಧ ಇದೆಯಾ?

ತುಂಬಾ ಇದೆ. ತೀರ್ಪುಗಾರರು ಕಷ್ಟ, ಎತ್ತರ, ನಯ, ವೈವಿಧ್ಯ, ಓಟದ ಹರಿವು ಎಲ್ಲ ನೋಡುತ್ತಾರೆ. ಪ್ರತಿಯೊಬ್ಬನಿಗೂ ತಿರುಗಲು ಒಂದು ಇಷ್ಟದ ದಿಕ್ಕಿರುತ್ತದೆ, ನಾವು ಬಲಗೈಯಲ್ಲಿ ಬರೆದ ಹಾಗೆ. ಕೋರ್ಸ್ ಒಂದೇ ಬದಿಗೆ ಹೊರಳಿದರೆ ಅರ್ಧ ಸವಾರರಿಗೆ ಲಾಭ, ಅರ್ಧಕ್ಕೆ ನಷ್ಟ. ಎರಡೂ ಬದಿಗೆ ಇದ್ದರೆ ನಿಜವಾದ ಪರೀಕ್ಷೆ. ಸ್ವೀಡನ್ನಿನ ಎಮಿಲ್ ಯೋಹಾನ್ಸನ್ ಎರಡೂ ದಿಕ್ಕಿಗೆ ತಿರುಗುವುದಕ್ಕೇ ಹೆಸರಾದವರು. ಅವರ ಗೆಲುವಿನ ಓಟ ನೋಡುವಾಗ ಕಸರತ್ತಿನ ಹೆಸರು ಬಿಡಿ, ಯಾವ ಬದಿಗೆ ತಿರುಗಿದರು ಅಂತ ಮಾತ್ರ ಎಣಿಸಿ.

ಹೆಣ್ಣುಮಕ್ಕಳಿಗೆ ಬೇರೆ ಕೋರ್ಸ್ ಬೇಕಾ?

ಕ್ರ್ಯಾಂಕ್‌ವರ್ಕ್ಸ್‌ನ ಸ್ಲೋಪ್‌ಸ್ಟೈಲ್ ಸರಣಿಗೆ ಮಹಿಳೆಯರ ವಿಭಾಗ ಸೇರಿದ್ದು 2024ರಲ್ಲಿ. ತುಂಬಾ ತಡ, ನನ್ನ ಪ್ರಕಾರ. ವಿನ್ಯಾಸದಲ್ಲಿ ಒಂದು ನಿಜವಾದ ಪ್ರಶ್ನೆ ಇದೆ, ಅದು ಧೈರ್ಯದ್ದಲ್ಲ, ತೂಕದ್ದು. ಹಗುರ ಸವಾರರ ವೇಗವನ್ನು ಗಾಳಿ ಬೇಗ ತಿನ್ನುತ್ತದೆ, ಗಂಡಾಗಲಿ ಹೆಣ್ಣಾಗಲಿ. 85 ಕಿಲೋದವನಿಗೆ ಸರಿಯಾದ ಗ್ಯಾಪ್ 55 ಕಿಲೋದವರಿಗೆ ಗಿಡ್ಡ ಬೀಳಬಹುದು. ಉದ್ದ ಲ್ಯಾಂಡಿಂಗ್ ಅಥವಾ ಪಕ್ಕಪಕ್ಕದಲ್ಲಿ ಎರಡು ಲಿಪ್, ಇವು ಕೆಲಸ ಮಾಡುವ ಉಪಾಯಗಳು.

ಎಲ್ಲ ಕೋರ್ಸೂ ಈಗ ಒಂದೇ ತರ ಕಾಣುತ್ತೆ. ಮೊದಲಿನ ಮಜಾ ಇಲ್ಲ ಅಲ್ವಾ?

ಅರ್ಧ ಒಪ್ಪುತ್ತೇನೆ. ಸವಾರರು ದೊಡ್ಡ ಕಸರತ್ತನ್ನು ಮನೆಯಲ್ಲಿ ಏರ್‌ಬ್ಯಾಗ್ ಮೇಲೆ, ಆಮೇಲೆ ಫೋಮ್ ಮೇಲೆ ಗಟ್ಟಿ ಹಾಳೆ ಹೊದಿಸಿದ ಲ್ಯಾಂಡಿಂಗ್ ಮೇಲೆ ಕಲಿಯುತ್ತಾರೆ. ಸ್ಪರ್ಧೆಯಲ್ಲೂ ಅದೇ ಬಾಗು, ಅದೇ ದೂರ ಸಿಕ್ಕಿದರೆ ಅದನ್ನೇ ಮಾಡಬಹುದು, ಹೆಚ್ಚು ಸುರಕ್ಷಿತ. ಅದಕ್ಕೇ ಜಂಪ್‌ಗಳು ಒಂದೇ ಅಚ್ಚಿನವು ಆಗುತ್ತಿವೆ. ಹಳೆಯ ವಿಚಿತ್ರ ಮರದ ಕಟ್ಟೋಣಗಳು ಕಮ್ಮಿಯಾಗಿವೆ. ನನಗೆ ಪ್ರತಿ ಕೋರ್ಸಿನಲ್ಲಿ ಒಂದಾದರೂ ಯಾರೂ ಅಭ್ಯಾಸ ಮಾಡಿ ಬರಲಾಗದ ಕಟ್ಟೋಣ ಇರಬೇಕು ಅನಿಸುತ್ತದೆ. ಹಾರುವವನು ನಾನಲ್ಲವಲ್ಲ, ಹೇಳುವುದು ಸುಲಭ.

ನಮ್ಮೂರ ಮಣ್ಣಲ್ಲಿ ಒಂದು ಚಿಕ್ಕದು ಕಟ್ಟಬಹುದಾ?

ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣು ಇದಕ್ಕೆ ಚೆನ್ನಾಗಿಯೇ ಕೂರುತ್ತದೆ, ಜರಡಿ ಹಿಡಿದು ಹದ ನೋಡಿಕೊಂಡರೆ ಸಾಕು. ಉತ್ತರ ಕರ್ನಾಟಕದ ಎರೆ ಮಣ್ಣು ಬೇಡ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಜಂಪ್ ತಾನೇ ಜಾಗ ಬದಲಾಯಿಸುತ್ತದೆ. ಅಲ್ಲಿಯವರು ಒಂದು ಟ್ರ್ಯಾಕ್ಟರ್ ಗರಸು ತರಿಸುವುದೇ ಲೇಸು. ಕರಾವಳಿ, ಮಲೆನಾಡಿನಲ್ಲಿ ಮಣ್ಣಿನದ್ದಲ್ಲ, ಮಳೆಯದ್ದೇ ಚಿಂತೆ. ಜೂನ್‌ಗೆ ಮೊದಲು ಹುಲ್ಲೋ ತೆಂಗಿನ ಗರಿಯೋ ಹೊದಿಸಿಬಿಡಿ.

ಗ್ಯಾಪ್ ಬಿಡಬೇಡಿ. ನಡುವೆ ಪೂರ್ತಿ ಮಣ್ಣು ತುಂಬಿದ ಟೇಬಲ್‌ಟಾಪ್ ಕಟ್ಟಿ, ಗಿಡ್ಡ ಹಾರಿದರೆ ಮೇಲೇ ಉರುಳುತ್ತೀರಿ, ಅಷ್ಟೇ. ಮೊಣಕಾಲೆತ್ತರ ಸಾಕು. ಮೊದಲು ಲ್ಯಾಂಡಿಂಗ್ ಕಟ್ಟಿ, ಆಮೇಲೆ ಟೇಕಾಫ್. ಜಾಗದ ಮಾಲೀಕರನ್ನು ಕೇಳಿ, ಹೆಲ್ಮೆಟ್ ಹಾಕಿ, ಒಬ್ಬರೇ ಹೋಗಬೇಡಿ. ಮರದ ಲಿಪ್ ಮಾಡುವುದಾದರೆ ಅದರ ಬುಡ ಮಣ್ಣಿಗೆ ತಾಗದಂತೆ ಇಟ್ಟಿಗೆ ಮೇಲೆ ಕೂರಿಸಿ, ಇಲ್ಲದಿದ್ದರೆ ನಿಮಗಿಂತ ಮೊದಲು ಗೆದ್ದಲು ಅದನ್ನು ಮುಗಿಸುತ್ತದೆ.